ಕೊನೆಯ ಪಂಕ್ತಿ



ಮೂವತ್ತಾರು ವರ್ಷ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತನಾದ ನನ್ನನ್ನು, ಪಂಪನ ಬಗೆಗೋ ವಚನಗಳ ಬಗೆಗೋ ಮಾತನಾಡಿರೆಂದು ಕೇಳುವುದನ್ನು ಬಿಟ್ಟು, ಊಟದ ಬಗೆಗೆ ಮಾತನಾಡಿರೆಂದು ಬಾನುಲಿಯವರು ಕರೆದಾಗ ನನಗೆ ಆಶ್ಚರ್ಯವೇನೂ ಆಗಲಿಲ್ಲ. ನನ್ನನ್ನು ಬಲ್ಲವರಾರೋ ಅವರಿಗೆ ಒಳಗುಟ್ಟು ತಿಳಿಸಿರಬೇಕು. ಪಂಪನ ಪದ್ಯಗಳಲ್ಲಿ ಎಷ್ಟೋ ಈಗ ಮರೆತುಹೋಗಿವೆ. ಯಾವ ಮದುವೆಯಲ್ಲಿ ಯಾವ ಬದನೆಕಾಯಿ ಪಲ್ಯ ಉಂಡೆನೆಂಬುದು ಮಾತ್ರ ಮರೆತಿಲ್ಲ.

ಊಟದ ಸಾಹಸವೆಂದರೆ ಕಡಲು ದಾಟಿ ಹೋಗಿ, ಹೆಸರು ತಿಳಿಯದ ಪ್ರಾಣಿಯನ್ನು ತಿಂದು ಬಂದು, ಅದರ ವರ್ಣನೆ ಮಾಡುವುದೆಂದು ಕೆಲವರು ಭಾವಿಸುತ್ತಾರೆ. ಅಂಥ ಸಾಹಸ ನನ್ನದಲ್ಲ. ನನ್ನ ಸಾಹಸಗಳೆಲ್ಲ ಹಾವೇರಿ, ಬ್ಯಾಡಗಿ, ರಾಣೇಬೆನ್ನೂರು ಎಂಬ ಮೂರು ನಿಲ್ದಾಣಗಳ ನಡುವೆಯೇ ಮುಗಿದುಹೋಗಿವೆ. ಹಾವೇರಿಯಲ್ಲಿ ರೈಲು ಹತ್ತಿದವನು ಒಂದು ಪೊಟ್ಟಣ ಶೇಂಗಾ ಮುಗಿಸುವುದರೊಳಗೆ ಬ್ಯಾಡಗಿ ಬರುತ್ತದೆ. ಇನ್ನೊಂದು ಮುಗಿಸುವುದರೊಳಗೆ ದೇವರಗುಡ್ಡ ದಾಟಿ ರಾಣೇಬೆನ್ನೂರು. ಹಳೆಯ ಮೀಟರ್ ಗೇಜ್ ಗಾಡಿಯ ಕಾಲದಲ್ಲಾದರೆ ಮೂರು ಪೊಟ್ಟಣ ಬೇಕಾಗುತ್ತಿದ್ದವು, ಅಷ್ಟೆ.

ನಮ್ಮದು ಬ್ಯಾಡಗಿ ತಾಲೂಕಿನ ಒಂದು ಸಣ್ಣ ಹಳ್ಳಿ. ಜೋಳದ ರೊಟ್ಟಿ, ಕಾಳಿನ ಪಲ್ಯ, ಶೇಂಗಾದ್ದೋ ಗುರೆಳ್ಳಿನದೋ ಚಟ್ನಿಪುಡಿ, ಗಡಿಗೆಯ ಮೊಸರು, ಕೈಯಿಂದ ಗುದ್ದಿ ಒಡೆದ ಒಂದು ಉಳ್ಳಾಗಡ್ಡಿ. ಇದು ನಿತ್ಯದ ಊಟ. ಹಬ್ಬಕ್ಕೆ ಹೋಳಿಗೆ, ಕಟ್ಟಿನ ಸಾರು. ಅನ್ನವೆಂಬುದು ರೊಟ್ಟಿಯೆಲ್ಲ ಮುಗಿದ ಮೇಲೆ, ಕರೆದರೆ ಬಂದು ಹೋಗುವ ಅತಿಥಿಯಂತೆ. ಸುಗ್ಗಿಯ ದಿನಗಳಲ್ಲಿ ಹಣ್ಣಾದ ಹಸಿ ಮೆಣಸಿನಕಾಯಿಯನ್ನು ಉಪ್ಪು, ಬೆಳ್ಳುಳ್ಳಿ, ಹುಣಸೆಹಣ್ಣು, ಮೆಂತ್ಯದ ಜೊತೆ ಒಳ್ಳಿನಲ್ಲಿ ಅರೆದು ಅವ್ವ ಭರಣಿಗೆ ತುಂಬಿಡುತ್ತಿದ್ದಳು. ರಂಜಕವೆಂದು ಅದರ ಹೆಸರು. ಬಿಸಿ ರೊಟ್ಟಿಯ ಮೇಲೆ ರಂಜಕ, ಅದರ ಮೇಲೆ ಬೆಣ್ಣೆ. ಮುಂದೆ ಹೇಳುವುದಕ್ಕೆ ಕನ್ನಡ ಎಂ.ಎ. ಸಾಲದು.

ಬ್ಯಾಡಗಿ ಮೆಣಸಿನಕಾಯಿ ಎಂದೊಡನೆ ಹೊರಗಿನವರು ಬೆಚ್ಚುತ್ತಾರೆ. ವಾಸ್ತವವಾಗಿ ಅದರಲ್ಲಿ ಬಣ್ಣವೇ ಹೆಚ್ಚು, ಖಾರ ಕಡಿಮೆ. ನೀಳವಾಗಿ ಮೈಯೆಲ್ಲ ಸುಕ್ಕುಗಟ್ಟಿದ್ದು ಕಡ್ಡಿ. ಗಿಡ್ಡವಾಗಿ ದುಂಡಗಿದ್ದು ಡಬ್ಬಿ. ಕೆಂಪು ಬಣ್ಣದ ಸತ್ತ್ವವನ್ನು ಅದರಿಂದ ಹಿಂಡಿ ತೆಗೆದು ತಿನಿಸುಗಳಿಗಷ್ಟೇ ಅಲ್ಲದೆ ತುಟಿಯ ಬಣ್ಣಕ್ಕೂ ಬಳಸುತ್ತಾರೆ. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚಿಕೆಯ ಮನ್ನಣೆಯೂ ದೊರೆಯಿತು. ಇಷ್ಟೆಲ್ಲ ಹೆಸರು ಪಡೆದ ಈ ಕಾಯಿ ನಮ್ಮ ನಾಡಿನದಲ್ಲವೆಂದರೆ ನಮ್ಮ ಊರಿನ ಹಿರಿಯರು ಇಂದಿಗೂ ನಂಬುವುದಿಲ್ಲ. ಕ್ರಿ.ಶ. 1025ರ ಸುಮಾರಿಗೆ ಚಾವುಂಡರಾಯನು ಬರೆದ ಲೋಕೋಪಕಾರದಲ್ಲಿ ಅಡುಗೆಯ ವಿಷಯ ಬಂದಿದೆ; ಮೂರನೆಯ ಮಂಗರಸನಂತೂ ಅಡುಗೆಯ ಮೇಲೆಯೇ ಸೂಪಶಾಸ್ತ್ರವೆಂಬ ಪದ್ಯಗ್ರಂಥ ಬರೆದ. ಮೆಣಸಿನಕಾಯಿ ಅಲ್ಲಿಲ್ಲ. ಅದು ಅಮೆರಿಕದಿಂದ ಪೋರ್ಚುಗೀಸರ ಹಡಗುಗಳಲ್ಲಿ ಬಂದದ್ದು. ನಮ್ಮವರು ತಮಗೆ ಮೊದಲೇ ಗೊತ್ತಿದ್ದ ಮೆಣಸಿನ ಹೆಸರನ್ನೇ ಅದಕ್ಕೂ ಕೊಟ್ಟು, ಕಾಯಿ ಎಂದು ಸೇರಿಸಿ, ಮನೆಯ ಮಗನನ್ನಾಗಿ ಮಾಡಿಕೊಂಡರು. ನಮ್ಮ ಅವ್ವನಿಗೆ ಈ ಸಂಗತಿಯನ್ನು ಒಮ್ಮೆ ವಿವರಿಸಿದೆ. "ಹಂಗಾರ ಅದಕ್ಕಿಂತ ಮೊದಲ ಮಂದಿ ರೊಟ್ಟಿ ಯಾತರ ಕೂಡ ತಿಂತಿದ್ರು?" ಎಂದು ಕೇಳಿದಳು. ಸೂಪಶಾಸ್ತ್ರದ ಯಾವ ಅಧ್ಯಾಯವೂ ನನ್ನ ನೆರವಿಗೆ ಬರಲಿಲ್ಲ.

ಹೊರಗಿನ ಊಟದ ಮೊದಲ ರುಚಿ ನನಗೆ ಹತ್ತಿದ್ದು ಬ್ಯಾಡಗಿಯ ಪೇಟೆಯಲ್ಲಿ. 1968ರ ಸುಮಾರಿನ ಮಾತು. ನನಗಾಗ ಒಂಬತ್ತು ವರ್ಷ. ಮೆಣಸಿನಕಾಯಿ ಚೀಲಗಳನ್ನು ಬಂಡಿಯಲ್ಲಿ ಹೇರಿಕೊಂಡು ಬೆಳಗಿನ ಜಾವಕ್ಕೆ ಹೊರಟರೆ, ಪೇಟೆ ಇನ್ನೂ ಕಣ್ಣಿಗೆ ಬೀಳುವ ಮೊದಲೇ ಮೂಗಿಗೆ ಬೀಳುತ್ತಿತ್ತು. ಎತ್ತುಗಳೂ ಸೀನುತ್ತಿದ್ದವು. ಸಾಲಾಗಿ ಕುಳಿತು ಕಾಯಿಯ ತೊಟ್ಟು ಬಿಡಿಸುವ ಹೆಣ್ಣುಮಕ್ಕಳು ಮಾತ್ರ ಸೀನದೆ ಮಾತನಾಡುತ್ತಿದ್ದರು. ಮಾರಾಟ ಮುಗಿದು ಹಣ ಕೈಗೆ ಬಂದ ಮೇಲೆ ಅಪ್ಪ ನನ್ನನ್ನು ಒಂದು ಚಾದ ಅಂಗಡಿಗೆ ಕರೆದೊಯ್ದರು. ಮಿರ್ಚಿ, ಮಂಡಕ್ಕಿ, ಗಾಜಿನ ಲೋಟದಲ್ಲಿ ಚಾ. ಜಗತ್ತಿನಲ್ಲಿ ಇದಕ್ಕಿಂತ ದೊಡ್ಡ ಸುಖವಿರಬಹುದೆಂದು ನನಗೆ ತೋರಲಿಲ್ಲ.

ನಮ್ಮ ಬಂಡಿ ಹೊಡೆದುಕೊಂಡು ಬಂದಿದ್ದ ಕಾಕಾ ಒಳಗೆ ಬರಲಿಲ್ಲ. ಹೊರಗಿನ ಗೋಡೆಯ ಗೂಡಿನಲ್ಲಿ ಒಂದು ಲೋಟ ಇತ್ತು. ಅದನ್ನು ತಾನೇ ತೆಗೆದುಕೊಂಡು ಹಿಡಿದ. ಅಂಗಡಿಯವನು ಮೇಲಿನಿಂದ ಚಾ ಸುರಿದ. ಕುಡಿದು, ತೊಳೆದು, ಮತ್ತೆ ಗೂಡಿನಲ್ಲಿಟ್ಟ. ಹೊಲದಲ್ಲಿ ಅವನೂ ನಾನೂ ಬುತ್ತಿಯನ್ನು ಎದುರುಬದುರು ಕುಳಿತು ಉಂಡವರು. "ಕಾಕಾ ಯಾಕ ಒಳಗ ಬರಲಿಲ್ಲ?" ಎಂದು ಅಪ್ಪನನ್ನು ಕೇಳಿದೆ. "ಸುಮ್ಮನ ತಿನ್ನು" ಎಂದರು. ತಿಂದೆ. ಮಿರ್ಚಿ ಬಿಸಿಯಾಗಿತ್ತು. ಬಾಲ್ಯದ ತಿಂಡಿಗಳ ನೆನಪನ್ನು ಜೇನಿನಲ್ಲಿ ಅದ್ದಿ ಹೇಳುವುದು ನಮ್ಮಂಥ ಮುದುಕರ ಚಾಳಿ. ಆದ್ದರಿಂದ ಇದನ್ನೂ ಹೇಳಬೇಕಾಯಿತು.

ಅವ್ವನಿಗೆಂದು ಅಪ್ಪ ನಾಲ್ಕು ಮಿರ್ಚಿಯನ್ನು ಕಾಗದದಲ್ಲಿ ಕಟ್ಟಿಸಿದ್ದರು. ಮನೆಗೆ ತಲುಪಿದ ಮೇಲೆ ಅವ್ವ ಅವನ್ನು ಬಿಚ್ಚಿ ನಮ್ಮ ಐದು ಜನ ಮಕ್ಕಳಿಗೆ ಹಂಚಿದಳು. ನಾಲ್ಕನ್ನು ಐವರಿಗೆ ಹಂಚುವ ಗಣಿತದಲ್ಲಿ ಅವಳು ನಿಪುಣೆ. ಅವಳ ಪಾಲು ಯಾವುದೆಂದು ನಾವಾರೂ ಕೇಳಲಿಲ್ಲ.

ಇದು ಹೀಗೆಯೇ ನಡೆಯಿತು. ಧಾರವಾಡದಲ್ಲಿ ಎಂ.ಎ. ಓದುತ್ತಿದ್ದಾಗ, 1981ರ ಬೇಸಗೆಯಲ್ಲಿ, ಮೂವರು ಗೆಳೆಯರನ್ನು ಕಟ್ಟಿಕೊಂಡು, ಮುಂಚೆ ತಿಳಿಸದೆ, ರಾತ್ರಿ ಎಂಟಕ್ಕೆ ಮನೆಗೆ ಬಂದೆ. ಅವ್ವ ಮುಖ ಸಣ್ಣದು ಮಾಡದೆ ಒಲೆ ಹೊತ್ತಿಸಿದಳು. ನಾವು ನಾಲ್ವರೂ ಸಾಹಿತ್ಯ ಚರ್ಚೆ ಮಾಡುತ್ತ, ಬಿಸಿ ರೊಟ್ಟಿ ಹರಿಯುತ್ತ, ಶೋಷಣೆಯ ಮೇಲೆ ಗಂಭೀರವಾಗಿ ಮಾತನಾಡಿದೆವು. ನಡುರಾತ್ರಿ ನೀರು ಕುಡಿಯಲೆಂದು ಎದ್ದೆ. ಅಡುಗೆಮನೆಯಲ್ಲಿ ದೀಪ ಆರಿಸಿ, ಒಲೆಯ ಕೆಂಡದ ಬೆಳಕಿನಲ್ಲಿ, ಅವ್ವ ಕಟಕ ರೊಟ್ಟಿಯ ಚೂರುಗಳನ್ನು ನೀರಿನಲ್ಲಿ ನೆನೆಸಿ, ರಂಜಕ ಹಚ್ಚಿಕೊಂಡು ತಿನ್ನುತ್ತಿದ್ದಳು. "ಯಾಕವ್ವಾ, ಇನ್ನೂ ಉಂಡಿಲ್ಲೇನು?" ಎಂದೆ. "ನನಗ ಹಸಿವ ಇರಲಿಲ್ಲೋ ತಮ್ಮಾ, ನೀ ಮಲಕ್ಕೋ ಹೋಗು" ಎಂದಳು. ನಾನು ನಂಬಿದೆ, ನಂಬುವುದು ನನಗೆ ಅನುಕೂಲವಾಗಿತ್ತು.

1983ರಲ್ಲಿ ರಾಣೇಬೆನ್ನೂರಿನ ಒಂದು ಕಾಲೇಜಿನಲ್ಲಿ ನನಗೆ ಅಧ್ಯಾಪಕನ ಕೆಲಸ ಸಿಕ್ಕಿತು. ಒಂದು ಕೋಣೆ ಬಾಡಿಗೆಗೆ ಹಿಡಿದೆ. ಊಟಕ್ಕೆ ಒಂದು ಖಾನಾವಳಿಯಲ್ಲಿ ತಿಂಗಳ ಲೆಕ್ಕ. ಉತ್ತರ ಕರ್ನಾಟಕದ ಖಾನಾವಳಿಯನ್ನು ಬಲ್ಲವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಮನೆಯ ಮುಂದಿನ ಕೋಣೆಯೇ ಊಟದ ಮನೆ. ಎರಡು ಉದ್ದನೆಯ ಮೇಜು, ಬಾಕು, ಗೋಡೆಯ ಮೇಲೆ ಬಸವಣ್ಣನವರ ಪಟ, ಒಳಗಿನಿಂದ ಟಪ ಟಪ ಎಂದು ರೊಟ್ಟಿ ಬಡಿಯುವ ಸಪ್ಪಳ. ಬಡಿಸು ಎಂಬ ಮಾತಿಗೂ ಬಡಿ ಎಂಬ ಮಾತಿಗೂ ಏನು ನಂಟೆಂದು ವಿದ್ಯಾರ್ಥಿಯೊಬ್ಬ ನನ್ನನ್ನು ಕೇಳಿದ್ದುಂಟು. ವ್ಯಾಕರಣ ಏನೇ ಹೇಳಲಿ, ಖಾನಾವಳಿಯಲ್ಲಿ ಎರಡೂ ಒಂದೇ ಕೈಯ ಕೆಲಸ. ಆ ಖಾನಾವಳಿಯನ್ನು ನಡೆಸುತ್ತಿದ್ದವಳು ನಡುವಯಸ್ಸಿನ ಹೆಣ್ಣುಮಗಳು; ಗಂಡ ತೀರಿಕೊಂಡಿದ್ದ. ಊರಿನ ಮಾಸ್ತರರು, ಗುಮಾಸ್ತರು, ಹತ್ತಿಯ ವ್ಯಾಪಾರಕ್ಕೆ ಬಂದವರು ಎಲ್ಲರೂ ಅವಳನ್ನು ಅಕ್ಕಾ ಎಂದೇ ಕರೆಯುತ್ತಿದ್ದರು.

ಅದೇ ವರ್ಷ ಅವ್ವನ ಎಡಗಣ್ಣಿಗೆ ಪೊರೆ ಬಂದಿತು. ರಾಣೇಬೆನ್ನೂರಿನಲ್ಲಿಯೇ ಶಸ್ತ್ರಚಿಕಿತ್ಸೆಯಾಯಿತು. ಒಲೆಯ ಮುಂದೆ ಕೂಡಬಾರದು, ಹೊಗೆ ತಾಗಬಾರದು ಎಂದು ವೈದ್ಯರು ಕಟ್ಟುನಿಟ್ಟಾಗಿ ಹೇಳಿದರು. ಹದಿನೈದು ದಿನ ನನ್ನ ಕೋಣೆಯಲ್ಲಿ ಉಳಿದಳು. ಹುಟ್ಟಿದಾಗಿನಿಂದ ಅವಳು ಹೊರಗೆ ಉಂಡವಳಲ್ಲ. ಜಾತ್ರೆಗೆ ಹೋದರೆ ಬುತ್ತಿ, ಕಾಗಿನೆಲೆಗೆ ಹೋದರೆ ಬುತ್ತಿ, ದೇವರಗುಡ್ಡಕ್ಕೆ ಹೋದರೆ ಬುತ್ತಿ. "ಯಾರ ಕೈಯಾಗಿಂದೋ ಏನೋ" ಎನ್ನುತ್ತಿದ್ದಳು. ಇದು ಮಡಿಯೆಂದು ನಾನು ತಿಳಿದಿದ್ದೆ. ಅದರ ಮೇಲೆ ಅವಳೊಡನೆ ವಾದವನ್ನೂ ಮಾಡಿದ್ದೆ. ಮೊದಲ ವಾರ ಖಾನಾವಳಿಯಿಂದ ಡಬ್ಬಿ ತಂದುಕೊಟ್ಟೆ. ಅರ್ಧ ಉಂಡು ಅರ್ಧ ನನಗೆಂದು ಇಡುತ್ತಿದ್ದಳು. ನಾನು ಉಂಡು ಬಂದಿದ್ದೇನೆಂದರೂ ಬಿಡಲಿಲ್ಲ. ಒಂದು ಮಧ್ಯಾಹ್ನ ಬೇಸತ್ತು, ಅವಳನ್ನು ಎಬ್ಬಿಸಿ, ಕಣ್ಣಿಗೆ ಹಸಿರು ಪಟ್ಟಿ ಕಟ್ಟಿದ್ದಂತೆಯೇ, ಕೈಹಿಡಿದು ಖಾನಾವಳಿಗೆ ನಡೆಸಿಕೊಂಡು ಹೋದೆ.

ಬಾಗಿಲಲ್ಲಿ ನಿಂತುಬಿಟ್ಟಳು. ಒಳಗೆ ಹತ್ತೆಂಟು ಗಂಡಸರು ಉಣ್ಣುತ್ತಿದ್ದರು. ಆಗ ನನಗೆ ತಿಳಿಯಿತು, ಅದು ಮಡಿಯಲ್ಲ. ಪರಗಂಡಸರ ಎದುರಿಗೆ ಬಾಯಿ ತೆರೆದು ಉಣ್ಣುವುದೆಂದರೆ ಅವಳಿಗೆ ನಾಚಿಕೆ. ಸ್ವಂತ ಮನೆಯಲ್ಲಿಯೂ ಅವಳು ಗಂಡಸರ ಕಣ್ಣೆದುರು ಉಂಡದ್ದನ್ನು ನಾನು ನೋಡಿರಲಿಲ್ಲ. ಆ ಕಾಲದ ದೊಡ್ಡ ಹೋಟೆಲುಗಳಲ್ಲಿ ಪರದೆ ಇಳಿಬಿಟ್ಟ ಫ್ಯಾಮಿಲಿ ರೂಮುಗಳಿರುತ್ತಿದ್ದುದು ಸುಮ್ಮನಲ್ಲ. ಖಾನಾವಳಿಯಲ್ಲಿ ಅದೆಲ್ಲಿಯದು? ಅಕ್ಕ ಒಳಗಿನಿಂದ ಬಂದು ನೋಡಿದಳು. ಒಂದು ಮಾತೂ ಕೇಳಲಿಲ್ಲ. "ಬಾರವ್ವಾ, ಇಲ್ಲೆ ಕೂಡಬಾ" ಎಂದು ಅಡುಗೆಮನೆಯ ಹೊಸ್ತಿಲ ಒಳಗಡೆ ಮಣೆ ಹಾಕಿ, ಒಲೆಯಿಂದ ದೂರ ಕೂಡಿಸಿದಳು.

ನಾನು ಹೊರಗಿನ ಬಾಕಿನ ತುದಿಗೆ ಕುಳಿತು ಒಳಗೆ ನೋಡುತ್ತಿದ್ದೆ. ಹಂಚಿನ ಮೇಲೆ ಉಬ್ಬಿದ ರೊಟ್ಟಿಯನ್ನು ನೇರವಾಗಿ ಅವ್ವನ ಗಂಗಾಳಕ್ಕೆ ಹಾಕಿದಳು ಅಕ್ಕ. ಅವ್ವ ಅದನ್ನು ಸ್ವಲ್ಪ ಹೊತ್ತು ಮುಟ್ಟಲಿಲ್ಲ. ಹೊಗೆಯಾಡುವುದನ್ನು ಒಂದೇ ಕಣ್ಣಿನಿಂದ ನೋಡುತ್ತಿದ್ದಳು. ಹಂಚಿನಿಂದ ಇಳಿದ ಬಿಸಿ ರೊಟ್ಟಿಯನ್ನು ಅವಳು ದಿನಕ್ಕೆ ಮೂವತ್ತರಂತೆ ಜೀವಮಾನವಿಡೀ ಇನ್ನೊಬ್ಬರಿಗೆ ಹಾಕಿದವಳು. ತನಗೆ ಯಾರೂ ಹಾಕಿರಲಿಲ್ಲ. ಆಮೇಲೆ ಉಂಡಳು. ಎಣ್ಣೆಗಾಯಿ ಪಲ್ಯವನ್ನು ಬಾಯಿಗಿಟ್ಟು, "ಪುಡಿಗೆ ಕೊಬ್ಬರಿ ತುಸು ಹೆಚ್ಚಾಗೈತಿ ತಂಗಿ" ಎಂದಳು. "ಹೌದ ಬೇ, ಶೇಂಗಾ ತೀರಿದ್ದೂ" ಎಂದಳು ಅಕ್ಕ. ಎರಡನೆಯ ರೊಟ್ಟಿ, ಮೂರನೆಯ ರೊಟ್ಟಿ. "ಇನ್ನೊಂದ ಹಾಕ್ಲೇನ ಬೇ?" ಎಂದು ಅಕ್ಕ ಕೇಳಿದಾಗ ಅವ್ವ ಬೇಡವೆನ್ನಲಿಲ್ಲ. ಅವಳು ನಾಲ್ಕು ರೊಟ್ಟಿ ಉಣ್ಣಬಲ್ಲಳೆಂಬುದು ಇಪ್ಪತ್ತನಾಲ್ಕು ವರ್ಷ ವಯಸ್ಸಿನ ಅವಳ ಮಗನಿಗೆ ಗೊತ್ತಿರಲಿಲ್ಲ.

ಕೈತೊಳೆದ ಮೇಲೆ ಅವ್ವ ಅಕ್ಕನನ್ನು ಕೇಳಿದಳು: "ನೀ ಉಂಡೀಯೇನ?"

ಒಂದು ವರ್ಷ ಅಲ್ಲಿ ಉಂಡರೂ ನಮ್ಮಲ್ಲಿ ಒಬ್ಬರೂ ಕೇಳದ ಪ್ರಶ್ನೆ ಅದು. ಅಕ್ಕ ಹಿಟ್ಟಿನ ಕೈಯಿಂದ ಕೂದಲು ಹಿಂದೆ ಸರಿಸಿ, "ನಂದೇನ ಬೇ, ಮೂರಕ್ಕ" ಎಂದಳು. ಅವ್ವ ಅಲ್ಲಿಂದ ಏಳಲೊಲ್ಲಳು. ಮೂರರ ತನಕ ಮಣೆಯ ಮೇಲೆ ಕುಳಿತು ಅಕ್ಕನ ಜೊತೆ ಮಾತನಾಡುತ್ತ ಉಳಿದು, ಮಂದಿಯೆಲ್ಲ ಹೋದ ಮೇಲೆ, ತಾನೇ ಗಂಗಾಳ ಇಟ್ಟು ಅವಳಿಗೆ ಬಡಿಸಿದಳು. ನಾನು ಎರಡು ಗಂಟೆಯ ಪಾಠಕ್ಕೆ ಹೋಗಿದ್ದೆ. ಇದನ್ನು ಅಕ್ಕನೇ ನನಗೆ ಮರುದಿನ ಹೇಳಿದ್ದು.

ಆ ದಿನ ನಾನು ತರಗತಿಯಲ್ಲಿ ಹೇಳುತ್ತಿದ್ದುದು ಕನಕದಾಸರ ರಾಮಧಾನ್ಯ ಚರಿತ್ರೆ. ನಮ್ಮ ಬ್ಯಾಡಗಿ ತಾಲೂಕಿನ ಕಾಗಿನೆಲೆಯ ಹೆಸರಿನೊಂದಿಗೆ ಬೆಸೆದ ಕವಿ. ಅವರ ಕೃತಿಯ ಮೇಲೆ ನಮಗೆ ಸಹಜವಾಗಿಯೇ ಹಕ್ಕು. ಲಂಕೆಯಿಂದ ಮರಳುವ ರಾಮನಿಗೆ ಮುನಿಗಳ ಆಶ್ರಮದಲ್ಲಿ ಬಗೆಬಗೆಯ ಭಕ್ಷ್ಯಗಳ ಉಪಚಾರ ನಡೆಯುತ್ತದೆ. ಧಾನ್ಯಗಳಲ್ಲಿ ಯಾವುದು ಶ್ರೇಷ್ಠವೆಂಬ ಮಾತು ಹುಟ್ಟಿ, ನರೆದಲೆಗವೆಂದರೆ ರಾಗಿಗೂ, ವ್ರೀಹಿಯೆಂದರೆ ಭತ್ತಕ್ಕೂ ಜಗಳ. ಎರಡನ್ನೂ ಆರು ತಿಂಗಳು ಸೆರೆಯಲ್ಲಿಡುತ್ತಾರೆ. ಭತ್ತ ಕಳೆಗುಂದುತ್ತದೆ, ರಾಗಿ ಗಟ್ಟಿಯಾಗಿ ಉಳಿಯುತ್ತದೆ. ರಾಮ ರಾಗಿಗೆ ತನ್ನ ಹೆಸರನ್ನೇ ಕೊಡುತ್ತಾನೆ. ಬಡವರ ಧಾನ್ಯದ ಪರವಾಗಿ ಎದ್ದ ಆ ದನಿಯನ್ನು ನಾನು ಮೂರು ದಶಕ ಹೊಗಳಿ ಪಾಠ ಹೇಳಿದೆ. ನಮ್ಮ ಸೀಮೆಯ ಜೋಳಕ್ಕೆ ಅಲ್ಲಿ ನ್ಯಾಯ ದೊರೆಯಲಿಲ್ಲವೆಂದು ತಮಾಷೆಯನ್ನೂ ಮಾಡಿದೆ. ಅಷ್ಟು ಜನರಿಗೆ ಅಷ್ಟು ಭಕ್ಷ್ಯಗಳನ್ನು ಬೇಯಿಸಿದವರಾರು, ಅವರು ಯಾವ ಹೊತ್ತಿಗೆ ಉಂಡರು ಎಂದು ನನ್ನ ವಿದ್ಯಾರ್ಥಿಗಳನ್ನು ಕೇಳಲು ನನಗೆ ತೋಚಲೇ ಇಲ್ಲ.

ಹೊಳೆದರೂ ಏನಾಗುತ್ತಿತ್ತೆನ್ನಿ! ಮದುವೆಯಾದ ಮೇಲೆ ನನ್ನ ಮನೆಯಲ್ಲಿಯೂ ಅದೇ ಪದ್ಧತಿ ಮುಂದುವರಿಯಿತು. ಅವ್ವನ ಮುಂದೆ ಖಾನಾವಳಿಯಲ್ಲಿ ಕಲಿತ ಪಾಠ ಹೆಂಡತಿಯ ಮುಂದೆ ನೆನಪಾಗಲಿಲ್ಲ. ವರ್ಗದ ಹೊರಗೆ ಎಲ್ಲ ಪ್ರಾಧ್ಯಾಪಕರೂ ದಡ್ಡ ವಿದ್ಯಾರ್ಥಿಗಳೇ. ಮನೆಯವಳು ಬಡಿಸಿದಳು, ನಾನು ಉಂಡೆ, ಅವಳು ಆಮೇಲೆ ಉಂಡಳು. ಹೀಗೆ ಮೂವತ್ತೈದು ವರ್ಷ.

2021ರ ಮಳೆಗಾಲದಲ್ಲಿ ಹಿತ್ತಲಲ್ಲಿ ಕಾಲು ಜಾರಿ ಬಿದ್ದು ಅವಳ ಬಲಗೈ ಮಣಿಕಟ್ಟು ಮುರಿಯಿತು. ಆರು ವಾರ ಪ್ಲಾಸ್ಟರು. ಮಗಳು ಪುಣೆಯಲ್ಲಿ. ಮೂರು ದಿನ ಹೋಟೆಲಿನಿಂದ ತರಿಸಿದೆವು. ನಾಲ್ಕನೆಯ ದಿನ ಅವಳು, "ರೊಟ್ಟಿ ಬೇಕನಸ್ತೈತ್ರಿ" ಎಂದಳು. ಅರವತ್ತೆರಡನೆಯ ವಯಸ್ಸಿನಲ್ಲಿ ನಾನು ಜೋಳದ ಹಿಟ್ಟಿಗೆ ಕೈ ಹಾಕಿದೆ.

ಜೋಳದ ಹಿಟ್ಟಿಗೆ ಗೋದಿಯ ಹಿಟ್ಟಿನಂತೆ ಜಿಗುಟಿಲ್ಲ. ಕುದಿಯುವ ಎಸರು ಹಾಕಿ ನಾದಿದರೆ ಮಾತ್ರ ಅದು ಒಂದಾಗಿ ನಿಲ್ಲುತ್ತದೆ. ನೀರು ತಣ್ಣಗಾದರೆ ಅಂಚು ಸೀಳುತ್ತದೆ. ಹೆಚ್ಚಾದರೆ ಅಂಗೈಗೆ ಮೆತ್ತುತ್ತದೆ. ಬಡಿಯುವಾಗ ರೊಟ್ಟಿ ತಾನಾಗಿ ತಿರುಗಬೇಕು. ನನ್ನದು ನಿಂತಲ್ಲೇ ನಿಂತು ಕರ್ನಾಟಕದ ನಕ್ಷೆಯಾಗುತ್ತಿತ್ತು. ಹಂಚಿಗೆ ಹಾಕಿ, ಮೇಲೆ ಒದ್ದೆ ಬಟ್ಟೆಯಿಂದ ನೀರು ಸವರಿ, ತಿರುವಿ, ಬೆಂಕಿಗೆ ಹಿಡಿದರೆ ಉಬ್ಬಬೇಕು. ಮೊದಲ ದಿನ ಉಬ್ಬಿದ್ದು ನನ್ನ ಹೆಬ್ಬೆರಳು. ಅವಳು ಕುರ್ಚಿಯ ಮೇಲೆ ಕುಳಿತು, ಪ್ಲಾಸ್ಟರಿನ ಕೈಯಿಂದಲೇ ತೋರಿಸುತ್ತ, "ಅಂಚಿಗೆ ಬಡೀರಿ, ನಡಕ ಅಲ್ಲ" ಎಂದು ಪಾಠ ಹೇಳುತ್ತಿದ್ದಳು. ಹನ್ನೊಂದನೆಯ ದಿನ ಒಂದು ರೊಟ್ಟಿ ಪೂರ್ತಿ ಉಬ್ಬಿತು. ಓಡಿಹೋಗಿ ಅವಳ ತಟ್ಟೆಗೆ ಹಾಕಿದೆ. ಪಿಎಚ್.ಡಿ. ಬಂದ ದಿನವೂ ನಾನು ಹಾಗೆ ಓಡಿದವನಲ್ಲ.

ಇನ್ನೊಂದು ಸಂಗತಿಯೂ ಆಗ ತಿಳಿಯಿತು. ಒಂದು ಗಂಟೆ ಒಲೆಯ ಮುಂದೆ ನಿಂತವನಿಗೆ ಹಸಿವು ಸತ್ತುಹೋಗುತ್ತದೆ. ಅವ್ವನ "ಹಸಿವ ಇರಲಿಲ್ಲೋ ತಮ್ಮಾ" ಎಂಬ ಮಾತಿನಲ್ಲಿ ಒಂದು ಪಾಲು ಸತ್ಯವೂ ಇದ್ದಿರಬೇಕು. ಉಳಿದ ಪಾಲು ಸುಳ್ಳು. ಏಕೆಂದರೆ ಹತ್ತು ನಿಮಿಷದಲ್ಲಿ ಆ ಹಸಿವು ಮರಳಿ ಬರುತ್ತದೆ. ಆ ಹೊತ್ತಿಗೆ ರೊಟ್ಟಿಯ ಬುಟ್ಟಿಯಲ್ಲಿ ಏನು ಉಳಿದಿರುತ್ತದೆ ಎಂಬುದಷ್ಟೇ ಪ್ರಶ್ನೆ.

ಅವಳ ಕೈ ನೆಟ್ಟಗಾದ ಮೇಲೆ ಹೊರಗಿನ ಊಟದ ಚಟವೂ ನಮ್ಮಿಬ್ಬರಿಗೆ ಹತ್ತಿತು. 2023ರ ಜನವರಿ 6ರಿಂದ 8ರವರೆಗೆ ಹಾವೇರಿಯಲ್ಲಿ 86ನೆಯ ಕನ್ನಡ ಸಾಹಿತ್ಯ ಸಮ್ಮೇಳನ ನಡೆದಾಗ ಮೂರೂ ದಿನ ಹೋದೆವು. ಹಾವೇರಿ ಏಲಕ್ಕಿ ಮಾಲೆಗೆ ಹೆಸರಾದ ಊರು. ಏಲಕ್ಕಿ ಅಲ್ಲಿ ಬೆಳೆಯುವುದಿಲ್ಲ, ಮಲೆನಾಡಿನಿಂದ ಬರುತ್ತದೆ. ಪೋಣಿಸುವ ಕೈಗಳಷ್ಟೇ ಹಾವೇರಿಯವು. ಗಣ್ಯರ ಕೊರಳಿಗೆ ಆ ಮಾಲೆಗಳು ಬಿದ್ದವು. ನಾವು ತಟ್ಟೆ ಹಿಡಿದು ಸಾಲಿನಲ್ಲಿ ನಿಂತೆವು. ಕವಿಗೋಷ್ಠಿಗಿಂತ ಆ ಸಾಲೇ ಉದ್ದವಾಗಿತ್ತೆಂದರೆ ಕವಿಗಳು ಸಿಟ್ಟಾಗಬಾರದು.

ಮರುವರ್ಷ ಮೊಮ್ಮಗಳು ಬಂದಿದ್ದಳು, ಹತ್ತು ವರ್ಷದವಳು. ಅವಳಿಗೆ ಗೋಬಿ ಮಂಚೂರಿಯೇ ಬೇಕು. 2024ರ ಮಾರ್ಚ್ 11, ಸೋಮವಾರ, ಸಂಜೆ ರಾಣೇಬೆನ್ನೂರಿನ ಗಾಡಿಯೊಂದರ ಮುಂದೆ ನಿಂತಾಗ, ಅದೇ ದಿನದ ಎರಡು ಸುದ್ದಿಗಳು ಒಟ್ಟಿಗೆ ಕಿವಿಗೆ ಬಿದ್ದವು. ಮೆಣಸಿನಕಾಯಿಯ ದರ ಕುಸಿಯಿತೆಂದು ಬ್ಯಾಡಗಿಯ ಮಾರುಕಟ್ಟೆಯಲ್ಲಿ ರೈತರು ರೊಚ್ಚಿಗೆದ್ದು ವಾಹನಗಳಿಗೆ ಬೆಂಕಿ ಹಚ್ಚಿದ್ದರು. ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕಬಾರದೆಂದು ರಾಜ್ಯದ ಆರೋಗ್ಯ ಸಚಿವರು ಆಜ್ಞೆ ಹೊರಡಿಸಿದ್ದರು. ನಿಜವಾದ ಕೆಂಪು ಬೆಳೆದವನು ದರ ಸಿಗದೆ ಬೀದಿಗಿಳಿದ ದಿನವೇ ಸುಳ್ಳು ಕೆಂಪು ಬೇಡವೆಂಬ ಆಜ್ಞೆ! ಬೆಂಕಿ ಹಚ್ಚಿದ್ದು ಸರಿಯೆಂದು ನಾನು ಹೇಳಲಾರೆ. ಬಂಡಿಯ ಮೇಲೆ ಚೀಲ ಹೇರಿಕೊಂಡು ಹೋಗಿ, ದರ ಕೇಳಿದ ಮೇಲೆ ಅಪ್ಪನ ಮುಖ ಹೇಗಾಗುತ್ತಿತ್ತೆಂಬುದನ್ನು ಕಂಡವನು ನಾನು. ಅದು ತಪ್ಪೆಂದು ಹೇಳಿ ಸುಮ್ಮನಾಗಲೂ ಆರೆ. ಗಾಡಿಯವನು ಆ ಸಂಜೆ ಬಣ್ಣವಿಲ್ಲದ ಮಂಚೂರಿ ಮಾಡಿಕೊಟ್ಟ. ಮೊಮ್ಮಗಳು, "ಅಜ್ಜಾ, ಇದು ಹೂಕೋಸಿನ ಭಜಿ" ಎಂದು ತೀರ್ಪು ಕೊಟ್ಟಳು. ಆಮೇಲೆ ಗಾಡಿಯವನ ಕಡೆ ತಿರುಗಿ, "ಅಂಕಲ್, ನಿಮ್ಮ ಊಟ ಆಯ್ತಾ?" ಎಂದಳು. ಇದನ್ನು ಅವಳಿಗೆ ಕಲಿಸಿದ್ದು ನಾನಲ್ಲ. ಅವಳ ಅಜ್ಜಿಯ ಕಡೆ ನೋಡಿದೆ, ಅವಳು ಬೇರೆ ಕಡೆ ನೋಡುತ್ತಿದ್ದಳು.

ರಾಣೇಬೆನ್ನೂರಿನ ಆ ಖಾನಾವಳಿ ಈಗಿಲ್ಲ. ಆ ಜಾಗದಲ್ಲಿ ಮೊಬೈಲ್ ರಿಪೇರಿಯ ಅಂಗಡಿ ಇದೆ. ಅವ್ವ 2004ರಲ್ಲಿ ತೀರಿಕೊಂಡಳು. ಕೊನೆಯ ತನಕ ಯಾರಾದರೂ ರಾಣೇಬೆನ್ನೂರಿನಿಂದ ಬಂದರೆಂದರೆ, ಖಾನಾವಳಿಯ ತಂಗಿ ಹೇಗಿದ್ದಾಳೆಂದು ಕೇಳುತ್ತಿದ್ದಳು.

ನಮ್ಮ ಮನೆಯಲ್ಲಿ ಈಗ ಸೋಮವಾರದ ಅಡುಗೆ ನನ್ನದು. ಈ ಭಾಷಣವನ್ನು ಮೊದಲೇ ಧ್ವನಿಮುದ್ರಿಸಿಕೊಂಡಿದ್ದಾರೆ. ಸೋಮವಾರ ಮಧ್ಯಾಹ್ನ ಬಿತ್ತರವಾಗುತ್ತದೆಂದು ಹೇಳಿದ್ದಾರೆ. ಹಾಗಾದರೆ ನನ್ನ ಮನೆಯಾಕೆ ಈಗ ರೇಡಿಯೋದ ಮುಂದೆ ಉಣ್ಣುತ್ತ ಕುಳಿತಿರಬೇಕು, ನಾನು ಒಳಗೆ ಹಂಚಿನ ಮುಂದೆ ಇರಬೇಕು. ಪಲ್ಯಕ್ಕೆ ಉಪ್ಪು ಕಡಿಮೆಯಾಗಿದ್ದರೆ ಕೂಗಿ ಹೇಳು. ಇನ್ನೊಂದು ರೊಟ್ಟಿ ತರುತ್ತಿದ್ದೇನೆ.